ಕಪ್ಪೆಗಾಡಿಗೆ ಕೊಟ್ಟ ಕಿಡಿ

ಕೊರೊನಾದ ಗದ್ದಲ ಅಡಗಿದ ಮರುವರ್ಷದ ಮುಂಗಾರು. ಲಿಂಗಸುಗೂರಿನ ಟ್ರ್ಯಾಕ್ಟರ್ ಷೋರೂಮ್ ಒಂದರಲ್ಲಿ ಸರ್ವಿಸ್ ವಿಭಾಗ ನೋಡಿಕೊಂಡು ಬಹಳ ವರ್ಷ ದುಡಿದ ನಾನು, ಅಲ್ಲಿಂದ ಹೊರಬಿದ್ದು ಸಿಂಧನೂರಿನಲ್ಲಿ ನನ್ನದೇ ಆಟೊ ಎಲೆಕ್ಟ್ರಿಕಲ್ ಅಂಗಡಿ ಹಾಕಿದ್ದೆ. ವಾಹನದ ವೈರಿಂಗ್, ಬ್ಯಾಟರಿ, ಇಗ್ನಿಷನ್ ಇವೇ ನನ್ನ ಕೆಲಸ. ನೂರಾರು ಗಾಡಿಗಳ ನೆನಪು ಅಳಿಸಿಹೋಗಿದೆ. ಅಮರೇಶನ ಗಾಡಿ ಮಾತ್ರ ಇನ್ನೂ ಎದೆಯಲ್ಲಿ ಕುಟುಕುತ್ತದೆ.

ಅವನು ಬಳಗಾನೂರು ಕಡೆಯ ಒಂದು ಹಳ್ಳಿಯವನು. ಭತ್ತದ ರಾಶಿ ಯಂತ್ರಕ್ಕೆ ಸಿಕ್ಕಿ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಬೈಕು ಓಡಿಸಲು ಆಗದು, ಕೆಸರಿನ ಬದುವಿನ ಮೇಲೆ ಊರುಗೋಲು ನಿಲ್ಲದು. ಹಂಪಿ ಕಡೆ ಮುಚ್ಚಿಹೋದ ಒಂದು ರೆಸಾರ್ಟಿನವರು ಹಳೆಯ ಎಟಿವಿ ಮಾರುತ್ತಾರೆಂದು ಕೇಳಿ ಹೋಗಿ ತಂದಿದ್ದ. ಎಟಿವಿ ಎಂದರೆ ನಾಲ್ಕು ದಪ್ಪ ಟೈರುಗಳ, ಬೈಕಿನ ಹ್ಯಾಂಡಲ್ ಇರುವ ಗಾಡಿ. ಅವನದಕ್ಕೆ ಗೇರು ಹಾಕುವ ರಗಳೆ ಇರಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಓಡುತ್ತದೆ, ಬ್ರೇಕು ಕೈಯಲ್ಲೇ ಇದೆ. ಕಾಲಿನ ಹಂಗೇ ಬೇಡ. ಕುಪ್ಪಳಿಸುತ್ತ ಹೋಗುವ ಅದನ್ನು ಊರವರು 'ಕಪ್ಪಿಗಾಡಿ' ಎಂದು ನಗುತ್ತಿದ್ದರು.

ಅದು ನನ್ನ ಅಂಗಡಿಗೆ ಬಂದದ್ದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ. ಟ್ರಾಲಿಯ ಮೇಲೆ ಗಾಡಿ, ಗಾಡಿಯ ಮೇಲೆ ಅಮರೇಶ.

"ಮೇಸ್ತ್ರಿ, ಬದು ಏರಾಕ ಹೋದ್ರ ಢಬ್ ಢಬ್ ಅಂತೈತ್ರಿ. ನೀರು ಸಿಡಿದ್ರ ನಿಂತ ಬಿಡ್ತೈತಿ. ನಿನ್ನೆ ಹೊಲದಾಗ ನಿಂತಿತ್ತು. ಆಳಿನ ಹೆಗಲ ಮ್ಯಾಲ ಕುಂತು ಮನಿಗೆ ಬಂದೀನಿ. ಹೆಣ್ಮಕ್ಕಳು ನಾಟಿ ಮಾಡೋದು ಬಿಟ್ಟು ನನ್ನ ನೋಡಾಕತ್ತಿದ್ರು," ಎಂದ.

ವಿಷಯ ಅಷ್ಟೇ ಆಗಿರಲಿಲ್ಲ. ಅವನದು ಅಣ್ಣನ ಜೊತೆಗಿನ ಮನೆ. ಹೊಲ ಪಾಲಾಗಿದ್ದರೂ ಒಲೆ ಒಂದೇ. ಅಮರೇಶನ ಪಾಲಿಗೆ ನಾಲ್ಕು ಎಕರೆ ಗದ್ದೆ. ಅಣ್ಣ ಪಂಪಣ್ಣ ಖಡಕ್ಕಾಗಿ ಹೇಳಿಬಿಟ್ಟಿದ್ದನಂತೆ: ದಿನಾ ಹೊಲಕ್ಕೆ ಹೋಗಿ ನೀರು, ಗೊಬ್ಬರ ನೋಡಿಕೊಳ್ಳುವುದು ನಿನ್ನಿಂದ ಆಗದಿದ್ದರೆ ನಿನ್ನ ಪಾಲನ್ನು ಪಕ್ಕದ ಕ್ಯಾಂಪಿನ ವಲಸೆ ರೈತರಿಗೆ ಲೀಜಿಗೆ ಕೊಡುತ್ತೇನೆ. ಅಂದರೆ ಗಾಡಿ ಓಡಿದರೆ ಅಮರೇಶ ರೈತ, ಓಡದಿದ್ದರೆ ಅಣ್ಣನ ಮನೆಯ ಕಟ್ಟೆಯ ಮೇಲೆ ಕುಂತು ಉಣ್ಣುವವನು.

ಬಿಚ್ಚಿ ನೋಡಿದೆ. ಇಂಥ ಗಾಡಿಯಲ್ಲಿ ಸಿಡಿಐ ಎಂಬ ಒಂದು ಕಪ್ಪು ಡಬ್ಬಿ ಇರುತ್ತದೆ. ಮ್ಯಾಗ್ನೆಟೊ ಹುಟ್ಟಿಸಿದ ಕರೆಂಟನ್ನು ಅದು ತುಂಬಿಟ್ಟುಕೊಂಡು ಸರಿಯಾದ ಕ್ಷಣದಲ್ಲಿ ಕಾಯಿಲ್‌ಗೆ ಬಿಡುತ್ತದೆ. ಕಾಯಿಲ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ ಸ್ಪಾರ್ಕ್ ಪ್ಲಗ್‌ಗೆ ಕಳಿಸಿದರೆ ಕಿಡಿ ಹಾರುತ್ತದೆ. ಪ್ರವಾಸಿಗರು ಜೋರಾಗಿ ಓಡಿಸಿ ಬೀಳಬಾರದೆಂದು ರೆಸಾರ್ಟಿನವರು ವೇಗ ಸ್ವಲ್ಪ ಏರಿದೊಡನೆ ಕಿಡಿಯನ್ನೇ ಕತ್ತರಿಸುವ ಸಿಡಿಐ ಹಾಕಿಸಿದ್ದರು. ಮೋಜಿಗೆ ಬಂದವರಿಗೆ ಅದು ಸರಿ. ಕೆಸರಿನಲ್ಲಿ ಎಂಜಿನ್ ಜೋರು ಹಾಕಿ ಬದು ಏರಬೇಕಾದವನಿಗೆ ಅದೇ ಕಂಟಕ. ಜೊತೆಗೆ ಕಾಯಿಲ್ ಸೋತಿತ್ತು. ಕಿಡಿ ನೀಲಿಯಾಗಿರಬೇಕಾದದ್ದು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ವೇಗದ ಮಿತಿ ಎತ್ತರದಲ್ಲಿರುವ ಸಿಡಿಐ ತರಿಸಿದೆ. ಮಿತಿಯೇ ಇಲ್ಲದ್ದು ಸಿಗುತ್ತಿತ್ತು, ಆದರೆ ಹಳೆಯ ಎಂಜಿನ್ನು ಒಡೆದುಹೋದೀತೆಂದು ಬಿಟ್ಟೆ. ಹೊಸ ಕಾಯಿಲ್, ಇರಿಡಿಯಂ ಪ್ಲಗ್, ನೀರು ಒಳಬಿಡದ ರಬ್ಬರ್ ಕ್ಯಾಪ್ ಹಾಕಿದೆ. ತುಕ್ಕು ಹಿಡಿದ ಅರ್ಥ್ ವೈರು ತೆಗೆದು ಹೊಸದು ಎಳೆದೆ. ಸೀಟಿನ ಕೆಳಗೆ ಕೆಸರು ಕುಡಿಯುತ್ತಿದ್ದ ಡಬ್ಬಿಯ ಜಾಗವನ್ನೇ ಬದಲಿಸಿ ಹ್ಯಾಂಡಲ್ ಹತ್ತಿರ ಎತ್ತರದಲ್ಲಿ ಕೂರಿಸಿದೆ. ಟೈಮಿಂಗ್ ಲೈಟ್ ಹಿಡಿದು ಕಿಡಿ ಸರಿಯಾದ ಕ್ಷಣಕ್ಕೆ ಬೀಳುವುದನ್ನು ನೋಡಿಕೊಂಡೆ. ಸವಾರ ಬಿದ್ದರೆ ಎಂಜಿನ್ ತಾನೇ ನಿಲ್ಲುವಂತೆ ಕಿಲ್ ಸ್ವಿಚ್ಚಿಗೆ ಒಂದು ದಾರ ಕಟ್ಟಿ, ಅದನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಲು ಅಮರೇಶನಿಗೆ ಕಲಿಸಿದೆ.

ಕಾಲುವೆ ದಂಡೆಯಲ್ಲಿ ಅವನೇ ಓಡಿಸಿ ನೋಡಿದ. ಕೆಸರಿಗಿಳಿಸಿದ, ಬದು ಹತ್ತಿಸಿದ, ತಿರುಗಿಸಿ ಮತ್ತೆ ಇಳಿಸಿದ. ಎಂಜಿನ್ ಒಮ್ಮೆಯೂ ಉಸಿರು ಹಿಡಿಯಲಿಲ್ಲ. ನನ್ನ ಮುಂದೆ ನಿಲ್ಲಿಸಿದಾಗ ಅವನ ಮುಖದ ತುಂಬ ಕೆಸರು. "ಮೇಸ್ತ್ರಿ, ಕಾಲು ಬಂದಂಗಾತು," ಎಂದ.

ನಮ್ಮ ಕಡೆ ದೊಡ್ಡ ರಿಪೇರಿ ಆದ ಗಾಡಿಯನ್ನು ಹೊಸ ಗಾಡಿಯಂತೆಯೇ ಪೂಜೆ ಮಾಡಿ ಮನೆ ತುಂಬಿಸಿಕೊಳ್ಳುತ್ತಾರೆ. ಚಕ್ರಕ್ಕೆ ನಿಂಬೆಹಣ್ಣು, ಹ್ಯಾಂಡಲ್‌ಗೆ ಹಾರ. ಮೊದಲು ಚಾಲೂ ಮಾಡುವುದು ಮನೆಯ ಹಿರಿಯ. ನನ್ನನ್ನೂ ಕರೆದಿದ್ದರು. ಅಲ್ಲಿಯವರೆಗೆ ಗಾಡಿಯನ್ನು ಹಂಗಿಸುತ್ತಿದ್ದ ಪಂಪಣ್ಣನ ಕೈಗೆ ಅಮರೇಶನೇ ಚಾವಿ ಇಟ್ಟು, "ಅಣ್ಣ, ನೀ ಚಾಲೂ ಮಾಡು," ಎಂದ. ಪಂಪಣ್ಣ ಹತ್ತಿ ಕೂತು ಊರು ಸುತ್ತಿ ಬಂದ. ಹೋಗುವಾಗಿನ ಮುಖ ಬರುವಾಗ ಇರಲಿಲ್ಲ. ಇಳಿದವನು ಚಾವಿಯನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಅದರಲ್ಲಿ ವಿಶೇಷವೇನೂ ಯಾರಿಗೂ ಕಾಣಲಿಲ್ಲ. ಎಲ್ಲರೂ ಹೋಳಿಗೆ ಉಂಡೆವು.

ನಾಟಿ ಮುಗಿಯುವ ಹೊತ್ತಿಗೆ ಕೆಲಸದ ಮೇಲೆ ಮಸ್ಕಿಗೆ ಹೋಗಿದ್ದೆ. ಒಂದು ಚಹಾ ಹೋಟೆಲಿನ ಮುಂದೆ ಕಪ್ಪೆಗಾಡಿ ನಿಂತಿತ್ತು. ಸಂತೋಷದಿಂದ ಹತ್ತಿರ ಹೋದೆ. ಮೇಲೆ ಕೂತಿದ್ದವನು ಪಂಪಣ್ಣನ ಮಗ, ಹಿಂದೆ ಅವನ ಇಬ್ಬರು ಗೆಳೆಯರು. ನಾನು ಕಟ್ಟಿದ ದಾರವನ್ನು ಹ್ಯಾಂಡಲ್‌ಗೆ ಸುತ್ತಿಬಿಟ್ಟಿದ್ದರು. "ಏನ್ ಪಿಕಪ್ ರೀ ಮೇಸ್ತ್ರಿ, ಬೈಕಿನವ್ರು ಹಿಂದ ಬೀಳ್ತಾರ!" ಎಂದು ನನ್ನನ್ನೇ ಹೊಗಳಿದ. ಆ ಹೊಗಳಿಕೆ ಕೇಳಿ ಮೈ ಉರಿಯಿತು.

ಅಲ್ಲಿಂದ ನೇರ ಅಮರೇಶನ ಊರಿಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತಿದ್ದ. ಮಾತಾಡಿದ್ದು ಅವನ ಹೆಂಡತಿ ಹುಲಿಗೆಮ್ಮ. "ಗಾಡಿ ಕೆಟ್ಟಿದ್ದಾಗ ನಮ್ದಾಗಿತ್ರಿ ಅಣ್ಣ. ಚಲೋ ಆದಮ್ಯಾಲ ಮನಿದಾತು." ಹೊಲ ನೋಡಿಕೊಳ್ಳುವವರಿಲ್ಲವೆಂದು ಅವರ ನಾಲ್ಕು ಎಕರೆ ಆಗಲೇ ಎರಡು ವರ್ಷದ ಲೀಜಿಗೆ ಹೋಗಿತ್ತು.

ಪಂಪಣ್ಣನನ್ನು ಕೇಳಿಯೇಬಿಟ್ಟೆ. ಅವನು ಸಿಟ್ಟಾಗಲಿಲ್ಲ, ನನಗೆ ಚಹಾ ತರಿಸಿದ. "ಒಂದ ಮನಿ ಅಂದಮ್ಯಾಲ ನಂದು ನಿಂದು ಏನ್ ಬಂತ್ರಿ ಮೇಸ್ತ್ರಿ? ತಮ್ಮಗ ಏನ್ ಕಡಿಮಿ ಮಾಡೀವಿ? ಕುಂತಲ್ಲೇ ಊಟ ಬರ್ತೈತಿ." ಇಷ್ಟು ಪ್ರೀತಿಯಿಂದ ಒಬ್ಬನ ಬದುಕು ಕಿತ್ತುಕೊಳ್ಳುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಅದನ್ನು ಅವನ ಮುಖಕ್ಕೇ ಹೇಳಿದೆ. ಅವನು ನಕ್ಕು, ಚಹಾ ಆರುತ್ತದೆ ಎಂದ.

ಹೊರಡುವಾಗ ಅಮರೇಶ ಊರುಗೋಲು ಊರುತ್ತ ನನ್ನ ಬೈಕಿನವರೆಗೆ ಬಂದ. ದನಿ ತಗ್ಗಿಸಿ ಕೇಳಿದ.

"ಮೇಸ್ತ್ರಿ, ಆ ಹಳೇ ಡಬ್ಬಿ ಇನ್ನೂ ಇಟ್ಟೀರೇನ್ರಿ?"

"ಐತಿ. ಯಾಕಪ್ಪ?"

"ಆಯಿಲ್ ಬದ್ಲಿ ಮಾಡ್ಸಾಕ ಅಣ್ಣ ಗಾಡಿ ಕಳಸ್ತಾನ. ಆವಾಗ ಅದನ್ನ ತಿರುಗಿ ಹಾಕ್ರಿ."

ಕೆಟ್ಟದ್ದನ್ನು ಸರಿಮಾಡುವುದೇ ನನ್ನ ಕಸುಬು. ಸರಿಯಿದ್ದದ್ದನ್ನು ಕೆಡಿಸಿಕೊಡಿ ಎಂದು ಯಾರೂ ಕೇಳಿರಲಿಲ್ಲ. ಆದರೆ ಗಾಡಿ ಅವನದು, ಅವನು ಹೇಳಿದಂತೆ ಮಾಡುವುದು ನನ್ನ ಕೆಲಸ. ಮೂರು ಜನ ಕೂತು ಹಾರಿಸುತ್ತಿದ್ದ ಆ ಗಾಡಿಗೆ ಮೂಗುದಾರ ಬೀಳುವುದೂ ಒಳ್ಳೆಯದೇ ಇತ್ತು. ಗಾಡಿ ಬಂದ ದಿನ ಹಳೆಯ ಸಿಡಿಐ ಹಾಕಿದೆ. ನನ್ನ ಕೈ ಎಷ್ಟು ಭಾರವಾಗಿತ್ತೆಂದರೆ, ನಾಲ್ಕು ಸ್ಕ್ರೂ ಬಿಗಿಯುವ ಕೆಲಸಕ್ಕೆ ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ.

ಕೆಲವೇ ದಿನಗಳಲ್ಲಿ ಪಂಪಣ್ಣ ಅಂಗಡಿಗೆ ಬಂದು ಗಿರಾಕಿಗಳ ಮುಂದೆಯೇ, "ಇಷ್ಟ ಏನ್ರಿ ನಿಮ್ಮ ಕೆಲ್ಸ? ಒಂದು ಬೆಳಿ ಬರೋತನ ಬಾಳಿಕಿ ಬರ್ಲಿಲ್ಲ. ಮತ್ತ ಢಬ್ ಢಬ್ ಅನ್ನಾಕತ್ತೈತಿ," ಎಂದು ಕೂಗಾಡಿದ. ಹಳೇ ಎಂಜಿನ್ನು, ಇನ್ನೇನು ಮಾಡಲಾಗದು ಎಂದೆ. ಹೆಸರು ಕೆಟ್ಟಿತು. ಕೆಡಲಿ ಎಂದು ನುಂಗಿಕೊಂಡೆ. ಗಾಡಿ ಅಮರೇಶ ಕೂರುವ ಕಟ್ಟೆಯ ಮುಂದೆ ಬಂದು ಬಿತ್ತು, ಚಾವಿಯ ಸಮೇತ.

ಲೀಜು ಮುಗಿದು ಹೊಲ ಅವನ ಕೈಗೆ ಬಂದ ವರ್ಷ ಕಾಲುವೆ ದಂಡೆಯಲ್ಲಿ ಅವನು ಎದುರಾದ. ಮಣಿಕಟ್ಟಿನಲ್ಲಿ ದಾರ ಇತ್ತು. ಗಾಡಿ ಕೆಮ್ಮುತ್ತ, ನಿಂತು ನಿಂತು ಬದು ಏರುತ್ತಿತ್ತು. "ಹೊಸ ಡಬ್ಬಿ ನನ್ನ ಹತ್ರನ ಐತಿ. ಹಾಕ್ಲೇನಪ್ಪ?" ಎಂದೆ. ಅವನು ಗಾಬರಿಯಾದ.

"ಬ್ಯಾಡ್ರಿ ಮೇಸ್ತ್ರಿ. ಹಿಂಗ ಇರ್ಲಿ. ಹಿಂಗಿದ್ರ ನಂದಾಗಿರ್ತೈತಿ."

ಆ ಡಬ್ಬಿ ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ. ಈಗ ಯಾರಾದರೂ ಗಾಡಿ ತಂದು ಪಿಕಪ್ ಹೆಚ್ಚು ಮಾಡಿಕೊಡಿ ಎಂದರೆ, ಎಂಜಿನ್ ನೋಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಮನೆಯಲ್ಲಿ ಚಾವಿ ಯಾರ ಹತ್ತಿರ ಇರುತ್ತದೆ? ಜನ ನಗುತ್ತಾರೆ. ಅದನ್ನು ಕೇಳದೆ ಸ್ಪ್ಯಾನರ್ ಹಿಡಿಯಬಾರದೆಂದು ಕಲಿಸಿದವನು ಅಮರೇಶ.