ಕುರ್ಚಿಗೆ ಹೊದಿಸಿದ ಶಾಲು

ಪಡುಬಿದ್ರಿಯ ಶಾಮಸುಂದರ ದುಬೈಯ ಅಲ್ ಕುಸೈಸಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಇಪ್ಪತ್ತೈದು ವರ್ಷ ಅಲ್ಲಿ ಪೈಪು, ನಲ್ಲಿ, ಕಮೋಡುಗಳ ನಡುವೆ ಕಳೆದ. ಅದೇ ಇಪ್ಪತ್ತೈದು ವರ್ಷ, ವರ್ಷಕ್ಕೊಂದು ಸಲ, ಮೀಸೆ ಬೋಳಿಸಿ ಸೀರೆ ಉಟ್ಟು ರಂಗದ ಮೇಲೆ ಹೆಂಗಸಾದ. ಗೋದಾಮಿನ ಪಠಾಣರು ಆ ವಾರವಿಡೀ ಅವನನ್ನು ನೋಡಿ ನಗುತ್ತಿದ್ದರು. ನಕ್ಕುಕೊಳ್ಳಲಿ ಎಂದು ಬಿಟ್ಟಿದ್ದ.

ಅವನು ಬಂದ ಕಾಲದಲ್ಲಿ ಅಲ್ಲಿನ ಕನ್ನಡಿಗರ ಸಂಘದ ವರ್ಷದ ನಾಟಕಕ್ಕೆ ಹೆಂಗಸರು ಸಿಗುತ್ತಿರಲಿಲ್ಲ. ಒಂದು ಕೋಣೆಯಲ್ಲಿ ಎಂಟು ಮಂಚ, ಎಂಟು ಗಂಡಸರು, ಹೆಂಡತಿಯರೆಲ್ಲ ಊರಿನಲ್ಲಿ. ನಾಯಕಿಯ ಪಾರ್ಟು ಯಾರಿಗೆ ಎಂದಾಗ ಎಲ್ಲರೂ ಫ್ಯಾನು ನೋಡಿದರು. ಸಪೂರ ಇದ್ದವನು ಇವನೊಬ್ಬ, ಇವನ ತಲೆಗೇ ಕಟ್ಟಿದರು. ಕಟ್ಟಿದ್ದನ್ನು ಅವನು ಶ್ರದ್ಧೆಯಿಂದ ಹೊತ್ತ. ಏರ್‌ಪೋರ್ಟಿನಲ್ಲಿ ಮಗನನ್ನು ಕಾಯುವ ಮುದುಕಿಯರು ಕೈಚೀಲವನ್ನು ಮಡಿಲಲ್ಲಿ ಹೇಗೆ ಅವುಚಿಕೊಳ್ಳುತ್ತಾರೆ, ಮಂಡಿನೋವಿನವರು ಯಾವ ಕಾಲು ಮೊದಲು ಊರುತ್ತಾರೆ ಎಂದು ನೋಡಿ ಕಲಿತ. ನೈಫ್ ಬೀದಿಯ ಟೈಲರ್ ಅಂಗಡಿಯಲ್ಲಿ ರವಿಕೆಯ ಅಳತೆ ಯಾರದ್ದೆಂದು ಕೇಳಿದರೆ, "ನನ್ನದೇ" ಎನ್ನುತ್ತಿದ್ದ.

ಆಮೇಲೆ ಫ್ಯಾಮಿಲಿಗಳು ಬಂದವು, ನಾಯಕಿಯ ಪಾರ್ಟಿಗೆ ನಿಜವಾದ ಹೆಂಗಸರು ಬಂದರು. ಅದಕ್ಕೆ ಅವನಿಗೆ ಬೇಸರವೇನೂ ಆಗಲಿಲ್ಲ. ಆದರೆ ಮುದುಕಿಯ ಪಾರ್ಟು ಎಂದರೆ ಒಬ್ಬಳೂ ಒಪ್ಪುತ್ತಿರಲಿಲ್ಲ, ಹಾಗಾಗಿ ಅದು ಅವನಿಗೇ ಉಳಿಯಿತು.

ಇದಕ್ಕೆಲ್ಲ ಬೆಲೆ ತೆತ್ತವಳು ಊರಿನಲ್ಲಿದ್ದ ಹೆಂಡತಿ ವಾರಿಜಾಕ್ಷಿ. ಬೇರೆ ಗಂಡಂದಿರು ಶುಕ್ರವಾರ ರಜೆಯೆಂದು ಮನೆಗೆ ಫೋನು ಮಾಡುತ್ತಿದ್ದರು, ಇವನು ರಿಹರ್ಸಲಿಗೆ ಓಡುತ್ತಿದ್ದ. "ಒಂದು ಪಾರ್ಟು ಉಂಟು" ಎನ್ನುತ್ತಿದ್ದನೇ ಹೊರತು ಎಂಥ ಪಾರ್ಟು ಎಂದು ನಾಚಿಕೆಯಿಂದ ಹೇಳಿರಲಿಲ್ಲ. ರಜೆಯಲ್ಲಿ ಊರಿಗೆ ಹೋಗುವಷ್ಟರಲ್ಲಿ ಮೀಸೆ ಬೆಳೆದಿರುತ್ತಿತ್ತು. "ನನಗಿಂತ ನಿಮಗೆ ಆ ನಾಟಕವೇ ಹೆಚ್ಚು" ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು.

ಆ ಮಾತಿಗೆ ಉತ್ತರ ಕೊಡುವ ಅವಕಾಶ ಸಿಕ್ಕಿದ್ದು ೨೦೧೪ರಲ್ಲಿ. ಆ ಡಿಸೆಂಬರಿಗೆ ಅವನಿಗೆ ಅರವತ್ತು, ವೀಸಾ ಕ್ಯಾನ್ಸಲ್, ಊರಿಗೆ. ನವೆಂಬರಿನ ನಾಟಕವೇ ಕಡೆಯದು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುವ ಗೇಬ್ರಿಯಲ್ ನಾಟಕ ಬರೆದು ಆಡಿಸುವವನು. ಅವನು ಶಾಮಸುಂದರನಿಗೆಂದೇ ಒಬ್ಬ ತಾಯಿಯನ್ನು ಬರೆದ. ಇಬ್ಬರು ಗಂಡುಮಕ್ಕಳು ತನ್ನನ್ನು ಆರಾರು ತಿಂಗಳಿಗೆ ಹಂಚಿಕೊಂಡ ದಿನದಿಂದ ಆಕೆ ಬಾಯಿ ಬಿಡುವುದಿಲ್ಲ. ನಾಟಕವಿಡೀ ಮೂಲೆಯ ಸ್ಟೂಲಿನ ಮೇಲೆ ಕೂತಿರುತ್ತಾಳೆ. ಕೊನೆಯ ದೃಶ್ಯದಲ್ಲಿ ಎದ್ದು ನಿಂತು ಮಾತಾಡುತ್ತಾಳೆ. ಹನ್ನೊಂದು ನಿಮಿಷ, ಅವಳೊಬ್ಬಳೇ.

ಶಾಮಸುಂದರ ವಿಸಿಟ್ ವೀಸಾ ಮಾಡಿಸಿ ವಾರಿಜಾಕ್ಷಿಯನ್ನು ಕರೆಸಿದ. ಒಂದು ತಿಂಗಳಿಗೆ ಪಾರ್ಟಿಷನ್ ಹಾಕಿದ ಒಂದು ಕೋಣೆ ಹಿಡಿದ. ಅಷ್ಟು ಶುಕ್ರವಾರ ಎಲ್ಲಿ ಹೋದವೆಂದು ಅವಳು ಕಿವಿಯಾರೆ ಕೇಳಲಿ ಎಂಬುದೊಂದೇ ಅವನ ಆಸೆ. ಪಾರ್ಟಿನ ಬಗ್ಗೆ ಈ ಸಲವೂ ಹೇಳಲಿಲ್ಲ. ಆ ದಿನ ಮಧ್ಯಾಹ್ನ ಗ್ರೀನ್ ರೂಮಿನಲ್ಲೇ ಮೀಸೆ ತೆಗೆದ.

ಅಲ್ಲಿ ಕಾರ್ಯಕ್ರಮದ ಪಟ್ಟಿ ಕೈಗೆ ಬಂತು. ಕೊನೆಯ ದೃಶ್ಯಕ್ಕೆ ಮೊದಲು 'ಹಿರಿಯ ಕಲಾವಿದ ಶ್ರೀ ಶಾಮಸುಂದರರಿಗೆ ಸನ್ಮಾನ' ಎಂದು ಅಚ್ಚಾಗಿತ್ತು. ನಮ್ಮ ಜನರ ಸನ್ಮಾನ ಎಂದರೇನೆಂದು ಅವನಿಗೆ ಗೊತ್ತು. ಶಾಲು ಹೊದಿಸುವವನು ಒಬ್ಬ, ಪೇಟ ಇಡುವವನು ಇನ್ನೊಬ್ಬ, ಹಣ್ಣಿನ ಬುಟ್ಟಿಗೆ ನಾಲ್ವರ ಕೈ, ಫೋಟೋಗೆ ಹದಿನೈದು ಜನ, ಪ್ರತಿಯೊಬ್ಬನಿಗೂ ಎರಡೇ ಎರಡು ಮಾತು. ಆ ಎರಡು ಮಾತು ಮುಗಿಯುವಾಗ ಮಕ್ಕಳು ನಿದ್ದೆಹೋಗಿರುತ್ತಾರೆ. ಬಾಡಿಗೆಯ ಹಾಲ್ ಇದ್ದದ್ದು ಸಂಜೆ ಏಳರವರೆಗೆ ಮಾತ್ರ.

ಸಂಘದ ಅಧ್ಯಕ್ಷ ಮೋಹನದಾಸರು ಎ.ಸಿ. ಬಿಡಿಭಾಗಗಳ ವ್ಯಾಪಾರಿ. ಅವರು ಬಂದಾಗ ಇನ್ನೂ ಸೀರೆ ಉಡದ ಶಾಮಸುಂದರ ಕೈಮುಗಿದ.

"ಮೋಹನಣ್ಣ, ಸನ್ಮಾನ ನಾಟಕ ಮುಗಿದ ಮೇಲೆ ಇಡಿ. ಟೈಮ್ ಸಾಲುವುದಿಲ್ಲ."

"ನಾಟಕ ಮುಗಿದ ಮೇಲೆ ಯಾರು ಕೂರ್ತಾರೆ ಮಾರಾಯ? ಎಲ್ಲರೂ ಪಾರ್ಕಿಂಗಿಗೆ ಓಡ್ತಾರೆ. ಊರಿಂದ ಗೆಸ್ಟು ಬಂದಿದ್ದಾರೆ, ಖಾಲಿ ಹಾಲಿಗೆ ಭಾಷಣ ಮಾಡ್ಲಿಕ್ಕಾ?"

"ಹಾಗಾದ್ರೆ ನನಗೆ ಬೇಡ. ನಾನು ಬರುವುದಿಲ್ಲ."

"ನಿನ್ನ ಒಳ್ಳೇದಕ್ಕೇ ಮಾಡುದು, ಶಾಮ" ಎಂದು ಮೋಹನದಾಸರು ಅವನ ಬೆನ್ನು ತಟ್ಟಿ ಹೋದರು.

ನಾಟಕ ಶುರುವಾಯಿತು. ಶಾಮಸುಂದರ ಒಂದೂವರೆ ಗಂಟೆ ಸ್ಟೂಲಿನ ಮೇಲೆ ಕೂತ. ಸೊಸೆ ಅನ್ನದ ತಟ್ಟೆಯನ್ನು ದೂರದಿಂದ ನೂಕಿದಾಗ ಅವನು ಕೈ ಹಿಂತೆಗೆದುಕೊಂಡ ರೀತಿಗೆ ಹಾಲಿನಲ್ಲಿ ಯಾರೋ ಬಿಕ್ಕಿದ್ದು ಕೇಳಿಸಿತು. ಮೂರನೆಯ ಸಾಲಿನಲ್ಲಿ ವಾರಿಜಾಕ್ಷಿ ಕಾಣುತ್ತಿದ್ದಳು.

ಆರು ಗಂಟೆಗೆ, ಕೊನೆಯ ದೃಶ್ಯಕ್ಕೆ ಮೊದಲು, ಪರದೆ ಬಿತ್ತು. ಅವನು ರಂಗದ ಬದಿಯ ಪರದೆಯ ಮರೆಯಲ್ಲಿ ಗೋಡೆಗೊರಗಿ ನಿಂತ, ಕರೆದರೂ ಹೋಗಲಿಲ್ಲ. ಸನ್ಮಾನ ತಪ್ಪುತ್ತದೆ, ಮಾತು ಉಳಿಯುತ್ತದೆ ಎಂದುಕೊಂಡ. ಎಂಥ ಮಳ್ಳ ಅವನು. ನಿರೂಪಕಿ ಮೈಕಿನಲ್ಲಿ, "ಅನಾರೋಗ್ಯದ ಕಾರಣ ಸನ್ಮಾನಿತರಿಗೆ ವೇದಿಕೆಗೆ ಬರಲಾಗುತ್ತಿಲ್ಲ" ಎಂದಳು. ಆಮೇಲೆ ಅವರು ಖಾಲಿ ಕುರ್ಚಿಗೇ ಶಾಲು ಹೊದಿಸಿದರು. ಪೇಟವನ್ನು ಸೀಟಿನ ಮೇಲೆ ಇಟ್ಟರು, ಬೆನ್ನಿಗೆ ಹಾರ ತೂಗುಹಾಕಿದರು, ಹಣ್ಣಿನ ಬುಟ್ಟಿ ಕಾಲ ಬುಡದಲ್ಲಿಟ್ಟು ಹದಿನೈದು ಜನ ಸುತ್ತ ನಿಂತು ನಗುತ್ತ ಫೋಟೋ ತೆಗೆಸಿಕೊಂಡರು. ಮಾನಪತ್ರವನ್ನು ಪೂರ್ತಿ ಓದಿದರು, ಅವನು ಎಂಥ ಪಾರ್ಟು ಮಾಡುವವನೆಂದು ಮಾತ್ರ ಅದರಲ್ಲಿರಲಿಲ್ಲ. ಗೆಸ್ಟು ಇಪ್ಪತ್ತು ನಿಮಿಷ ಕಲೆಯ ಬಗ್ಗೆ ಮಾತಾಡಿದರು, ನಾಟಕದ ಬಗ್ಗೆ ಒಂದು ಮಾತೂ ಇಲ್ಲ. ಶಾಮಸುಂದರನ ಮೈ ಉರಿದುಹೋಯಿತು. ಇವರಿಗೆ ಬೇಕಾದದ್ದು ಒಂದು ಕುರ್ಚಿ ಅಷ್ಟೇ, ಅದರಲ್ಲಿ ಯಾರು ಕೂತರೇನು, ಕೂರದಿದ್ದರೇನು.

ಏಳಕ್ಕೆ ಹದಿನೈದು ನಿಮಿಷ ಇರುವಾಗ ಗೇಬ್ರಿಯಲ್ ಮೋಹನದಾಸರ ಬಳಿ ಓಡಿಬಂದ. "ಈಗ ಬಿಟ್ಟರೂ ಆಗ್ತದೆ, ಸರ್. ಶಾಮಣ್ಣನ ಮಾತು ಮಾತ್ರ ಮಾಡಿಸ್ತೇನೆ."

"ಲಕ್ಕಿ ಡ್ರಾ ಬಿಡ್ಲಿಕ್ಕಾಗ್ತದಾ? ಟೀವಿ ಕೊಟ್ಟವರು ಎದುರು ಕೂತಿದ್ದಾರೆ" ಎಂದರು ಮೋಹನದಾಸರು.

ಡ್ರಾ ಆಯಿತು. ಟೀವಿ ಯಾರಿಗೋ ಹೋಯಿತು. ಗಾರ್ಡು ಬಂದು "ಖಲಾಸ್, ಟೈಮ್ ಖಲಾಸ್" ಎಂದು ದೀಪ ಆರಿಸತೊಡಗಿದ. ಸಮಯದ ಅಭಾವದಿಂದ ನಾಟಕವನ್ನು ಇಲ್ಲಿಗೇ ಮುಗಿಸಲಾಗಿದೆ, ಹೊರಗೆ ಚಾ ಮತ್ತು ಗೋಳಿಬಜೆ ಇದೆ ಎಂದು ಮೈಕು ಹೇಳಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆ. ಗೇಬ್ರಿಯಲ್ ಕೊಟ್ಟ ಹನ್ನೊಂದು ನಿಮಿಷವನ್ನು ಅಧ್ಯಕ್ಷರು ಕೊಡಲಿಲ್ಲ.

ಶಾಮಸುಂದರ ಕುರ್ಚಿಯ ಮೇಲಿನ ಶಾಲನ್ನು ಎಳೆದುಕೊಂಡ. ಸೀರೆ, ಬಿಳಿ ತುರುಬು, ಬಣ್ಣ ಯಾವುದನ್ನೂ ತೆಗೆಯದೆ ಮೋಹನದಾಸರನ್ನು ಹುಡುಕಿ ಹೊರಟ. ಬಾಗಿಲಿನಲ್ಲಿ ವಾರಿಜಾಕ್ಷಿ ಅಡ್ಡ ಬಂದಳು. ಅವಳ ಮುಖದಲ್ಲಿ ಗಾಬರಿಯಿತ್ತು.

"ಅಮ್ಮ, ನೀವು ನಾಟಕದವರಲ್ವಾ? ನಮ್ಮವರನ್ನು ಎಲ್ಲಿಯಾದ್ರೂ ಕಂಡಿರಾ, ಶಾಮಸುಂದರ ಅಂತ? ಹುಷಾರಿಲ್ಲ ಅಂದ್ರು. ನಾಟಕದಲ್ಲಿಯೂ ಬರ್ಲಿಲ್ಲ, ಈಗ ಬರ್ತಾರೆ, ಈಗ ಬರ್ತಾರೆ ಅಂತ ಕಾದೆ." ಅವಳು ಅವನ ಕೈ ಹಿಡಿದುಕೊಂಡಳು. "ನಿಮ್ಮನ್ನು ನೋಡಿ ಅಳು ಬಂತು ನನಗೆ. ಅಷ್ಟು ಹೊತ್ತು ಕೂರಿಸಿ ಒಂದು ಮಾತಾದ್ರೂ ಕೊಡಬಾರದಿತ್ತಾ ಇವರು ನಿಮಗೆ?"

"ವಾರಿಜಾ, ನಾನೇ" ಎಂದ ಶಾಮಸುಂದರ.

ಆ ವೇಷದಲ್ಲಿ ಆ ದಿನ ಅವನಾಡಿದ ಮೊದಲ ಮಾತು ಅದು. ಅವಳು ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದ ಮೋಹನದಾಸರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನೋಡು ಶಾಮ, ಕಟ್ಟಿಕೊಂಡ ಹೆಂಡತಿಗೇ ಗುರ್ತ ಸಿಗ್ಲಿಲ್ಲ. ಇದಕ್ಕಿಂತ ದೊಡ್ಡ ಸನ್ಮಾನ ಬೇಕಾ ಒಬ್ಬ ಕಲಾವಿದನಿಗೆ?"

ಶಾಮಸುಂದರ ಶಾಲನ್ನು ಅವರ ತಟ್ಟೆಗೆ, ಗೋಳಿಬಜೆ ಚಟ್ನಿಯ ಮೇಲೆಯೇ ಎಸೆದು, ಹೆಂಡತಿಯೊಂದಿಗೆ ಹೊರಗೆ ನಡೆದ. ಸೀರೆಯುಟ್ಟು ಬಿರಬಿರನೆ ನಡೆಯುವ ಮುದುಕಿಯನ್ನು ಜನ ತಿರುಗಿ ನೋಡಿದರು.

ಬಸ್‌ಸ್ಟಾಪಿನಲ್ಲಿ ವಾರಿಜಾಕ್ಷಿ ಅವನೆದುರು ನಿಂತಳು. ಹಿಂದೆಯೇ ಬಂದ ಗೇಬ್ರಿಯಲ್, ಆಡದೆ ಉಳಿದ ಕೊನೆಯ ಮಾತಿನ ಬಗ್ಗೆ ದಾರಿಯಲ್ಲಿ ಅವಳಿಗೆ ಎಲ್ಲ ಹೇಳಿದ್ದ. "ಹೇಳಿ ಈಗ. ಆ ತಾಯಿ ಎಂತ ಹೇಳ್ತಾಳೆ? ನಾನು ಕೇಳ್ಬೇಕು."

ಶಾಮಸುಂದರ ಸೆರಗು ಸರಿಮಾಡಿ ಬಾಯಿ ತೆರೆದ. ಇಪ್ಪತ್ತೈದು ವರ್ಷದಲ್ಲಿ ಒಂದು ಸಾಲೂ ಮರೆತವನಲ್ಲ, ಆದರೆ ಈಗ ಮೊದಲ ಸಾಲೇ ಬರಲಿಲ್ಲ. ಎರಡನೆಯದೂ ಇಲ್ಲ. ಬಂದದ್ದು ಬೈಗುಳ ಮಾತ್ರ. ಮೋಹನದಾಸರಿಂದ ಶುರುಮಾಡಿ ಗೆಸ್ಟು, ಟೀವಿ ಕೊಟ್ಟವನು, ಮಾನಪತ್ರ ಬರೆದವನು, ಒಬ್ಬರನ್ನೂ ಬಿಡದೆ ಅಚ್ಚ ತುಳುವಿನಲ್ಲಿ ಬೈದ. ಬಸ್ಸು ಬಂತು, ಹೋಯಿತು. ವಾರಿಜಾಕ್ಷಿ ಅಡ್ಡ ಮಾತಾಡದೆ ನಿಂತು ಪೂರ್ತಿ ಕೇಳಿದಳು.