ಗುಣ ಎಂದರೆ ಎಳೆ

ನನ್ನ ಅಕ್ಕ ಲೆಕ್ಕದ ಟೀಚರು, ಭಾವ ಹಗ್ಗದ ಮೇಸ್ತ್ರಿ. ಅವರ ಮದುವೆಯಾದ ಹೊಸದರಲ್ಲಿ ನಮ್ಮಪ್ಪ, "ಇವಳು ಕೂಡಿಸ್ತಾಳೆ, ಅವನು ಬಿಗೀತಾನೆ. ಸಂಸಾರ ಎಲ್ಲೂ ಜಾರಲ್ಲ ಬಿಡು" ಎಂದು ನಗುತ್ತಿದ್ದರು. ಹಗ್ಗದ ಮಾತು ಬಂದರೆ ನಮ್ಮ ಮನೆಯಲ್ಲಿ ನಗು ಬರುತ್ತಿದ್ದ ಕಾಲ ಅದು.

ನಮ್ಮ ಊರನ್ನು ಒಂದು ಕಮರಿ ಎರಡಾಗಿ ಸೀಳಿದೆ. ಈಚೆ ದಡದಲ್ಲಿ ಕಾರ್ಖಾನೆ, ಕೆಲಸಗಾರರ ಸಾಲುಮನೆಗಳು, ನನ್ನ ಹೊಲಿಗೆ ಅಂಗಡಿ. ಆಚೆ ದಡದಲ್ಲಿ ಶಾಲೆ, ಆಸ್ಪತ್ರೆ, ಕಚೇರಿಗಳು. ರಸ್ತೆಯಲ್ಲಿ ಹೋಗಬೇಕೆಂದರೆ ಸುತ್ತಿ ಬಳಸಿ ಕೆಳಗಿಳಿದು, ಹಳೇ ಸೇತುವೆ ದಾಟಿ, ಮತ್ತೆ ಏದುಸಿರು ಬಿಡುತ್ತ ಹತ್ತಬೇಕು. ಆದ್ದರಿಂದ ಎಲ್ಲರೂ ಹೋಗಿಬರುವುದು ರೋಪ್‌ವೇಯಲ್ಲಿ. ಅದರ ಡಬ್ಬಿಗೆ ಊರವರು ಇಟ್ಟ ಹೆಸರು ತೊಟ್ಟಿಲು. ಮೇಲೆ ಕದಲದೆ ನಿಂತಿರುವ ಒಂದು ದಪ್ಪ ಹಗ್ಗವಿದೆ. ತೊಟ್ಟಿಲು ಅದಕ್ಕೆ ನೇತುಬಿದ್ದು ಗಾಲಿಗಳ ಮೇಲೆ ಉರುಳುತ್ತದೆ. ಅದು ಹೊರುವ ಹಗ್ಗ. ಅದಕ್ಕಿಂತ ಸಣ್ಣದಾದ ಇನ್ನೊಂದು, ಈಚೆ ದಡದ ಇಂಜಿನ್ ಮನೆಯ ರಾಟೆಯನ್ನು ಸುತ್ತಿ ಬಂದು ತೊಟ್ಟಿಲನ್ನು ಆಚೆಗೂ ಈಚೆಗೂ ಸೆಳೆಯುತ್ತದೆ. ಅದು ಎಳೆಯುವ ಹಗ್ಗ. ಎರಡೂ ಉಕ್ಕಿನ ತಂತಿಯವು. ಎರಡನ್ನೂ ನೋಡಿಕೊಳ್ಳುವುದು ಭಾವನ ಕೆಲಸ.

ದಿನಾ ಬೆಳಿಗ್ಗೆ ಭಾವ ಹತ್ತಿಬಟ್ಟೆಯ ಚೂರೊಂದನ್ನು ಎಳೆಯುವ ಹಗ್ಗಕ್ಕೆ ಸುತ್ತಿ ಹಿಡಿದು, ಹಗ್ಗವನ್ನು ನಿಧಾನವಾಗಿ ಓಡಿಸುತ್ತಿದ್ದರು. ಎಲ್ಲಾದರೂ ತಂತಿ ತುಂಡಾಗಿದ್ದರೆ ಬಟ್ಟೆ ಅದರ ಮೊನೆಗೆ ಸಿಕ್ಕಿ ಪರ್ರೆಂದು ಹರಿಯುತ್ತದೆ. ಆ ಚೂರುಗಳನ್ನು ಕೊಡುತ್ತಿದ್ದವಳು ನಾನೇ. ಬಟ್ಟೆ ಹರಿಯದೆ ಬಂದರೆ ಅದನ್ನು ಹೆಗಲಿಗೆ ಹಾಕಿಕೊಂಡು ಟೀ ಕುಡಿಯಲು ಹೊರಗೆ ಬರುವರು. ಆ ಹೆಗಲನ್ನು ನೋಡಿದ ಮೇಲೆಯೇ ಸಾಲಿನಲ್ಲಿ ನಿಂತವರು ತೊಟ್ಟಿಲಿಗೆ ಕಾಲಿಡುತ್ತಿದ್ದರು.

ಎಲ್ಲ ಶುರುವಾದದ್ದು ಅಕ್ಕನ ತರಗತಿಯಲ್ಲಿ. ಗುಣಾಕಾರದ ಪಾಠ ನಡೆಯುತ್ತಿತ್ತು. ಜ್ವರ ಬಿಟ್ಟು ಅಂದೇ ಶಾಲೆಗೆ ಬಂದಿದ್ದ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ನನ್ನ ಜ್ವರ ಗುಣ ಆಯ್ತು ಅಂತ ಅಮ್ಮ ಹೇಳಿದ್ರು. ಯಾವುದ್ರಿಂದ ಗುಣಿಸಿದ್ರು?"

"ಸೊನ್ನೆಯಿಂದ!" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಕ್ಕನೂ ನಕ್ಕಳು. ಆದರೆ ಪ್ರಶ್ನೆ ಅವಳ ತಲೆಯೊಳಗೆ ಹುಳದಂತೆ ಹೊಕ್ಕಿತು. ಇಷ್ಟು ವರ್ಷ ಗುಣಿಸುವುದನ್ನು ಕಲಿಸಿದ್ದಾಳೆ. ಒಳ್ಳೆಯ ಗುಣ, ಕೆಟ್ಟ ಗುಣ, ಕಾಯಿಲೆ ಗುಣ, ಗುಣಮಟ್ಟ, ಇವೆಲ್ಲ ಒಂದೇ ಮಾತು ಹೇಗಾದವು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮಧ್ಯಾಹ್ನ ಶಾಲೆಯ ಬೀರುವಿನಿಂದ ದಪ್ಪ ನಿಘಂಟನ್ನು ಇಳಿಸಿ, ಧೂಳು ಕೊಡವಿ ಕೂತಳು.

ಅವತ್ತು ಸಂಜೆ ನಾನು ಅವರ ಮನೆಯಲ್ಲೇ ಊಟಕ್ಕಿದ್ದೆ. ಅಕ್ಕ ಬಡಿಸುವುದನ್ನು ಅರ್ಧಕ್ಕೆ ಬಿಟ್ಟು ಮಾತಿಗೆ ಶುರುಮಾಡಿದಳು.

"ರೀ, ಗುಣ ಅಂದ್ರೆ ಏನು ಗೊತ್ತಾ? ಎಳೆ! ದಾರದ ಎಳೆ, ಹಗ್ಗದ ಎಳೆ. ಬಿಲ್ಲಿಗೆ ಕಟ್ಟೋ ಹೆದೆಗೂ ಗುಣ ಅಂತಲೇ ಹೆಸರು."

"ಅಂದ್ರೆ ನಮ್ಮ ಕಸುಬಿನ ಮಾತು" ಎಂದು ಭಾವ ಮುಖ ಅರಳಿಸಿದರು.

"ನಿಮ್ಮದೇ. ದ್ವಿಗುಣ ಅಂದ್ರೆ ಎರಡೆಳೆ, ತ್ರಿಗುಣ ಅಂದ್ರೆ ಮೂರೆಳೆ. ಎರಡೆಳೆ ಹೊಸೆದ್ರೆ ಎರಡರಷ್ಟು, ಮೂರೆಳೆ ಹೊಸೆದ್ರೆ ಮೂರರಷ್ಟು. ಹಾಗೇ ಲೆಕ್ಕಕ್ಕೆ ಬಂದಿರೋದು. ಮನುಷ್ಯನ ಗುಣ ಅಂದ್ರೂ ಹಾಗೇ ಅನ್ಕೊಳ್ಳಿ, ಅವನನ್ನ ಯಾವ್ಯಾವ ಎಳೆ ಸೇರಿಸಿ ಹೊಸೆದಿದೆ ಅಂತ."

"ಮತ್ತೆ ಜ್ವರ?" ನಾನು ಕೇಳಿದೆ.

"ಅದಕ್ಕೆ ನಿಘಂಟಿನವರು ನೆಟ್ಟಗೆ ಏನೂ ಹೇಳಿಲ್ಲ ಕಣೇ. ಕೆಟ್ಟಿದ್ದು ಮತ್ತೆ ಒಳ್ಳೇ ಗುಣಕ್ಕೆ ತಿರುಗಿತು ಅಂತ ಇರ್ಬೇಕು."

ಭಾವ ಎದ್ದು ಹೋಗಿ, ಬಾಗಿಲು ಬಡಿಯದಂತೆ ಅಡ್ಡ ಇಡುತ್ತಿದ್ದ ಹಗ್ಗದ ತುಂಡನ್ನು ತಂದರು. ಎಳೆಯುವ ಹಗ್ಗ ಜೋಡಿಸುವಾಗ ಕತ್ತರಿಸಿ ಉಳಿದದ್ದು. "ನೋಡು, ಆರೆಳೆ. ತೊಟ್ಟಿಲು ತುಂಬಿ ತುಳುಕಿದ್ರೂ ಅದರ ಎಂಟರಷ್ಟು ತಡ್ಕೊಳ್ಳುತ್ತೆ. ನಿನ್ನ ಭಾಷೇಲಿ ಹೇಳೋದಾದ್ರೆ ಅಷ್ಟಗುಣ!"

ಅಕ್ಕ ತುಂಡಿನ ತುದಿಯನ್ನು ದೀಪಕ್ಕೆ ಹಿಡಿದು ನೋಡಿದಳು. "ಆರು ಸುತ್ತ ಇವೆ. ನಡುವೆ ಇರೋದೇನು?"

"ನಾರಿನ ತಿರುಳು. ಎಣ್ಣೆ ಹೀರ್ಕೊಂಡು ಒಳಗಿಂದ ತಂತಿಗಳಿಗೆ ಕೊಡ್ತಾ ಇರುತ್ತೆ. ಎಳೆ ಎಳೆ ಉಜ್ಜದ ಹಾಗೆ ನೋಡ್ಕೊಳ್ಳುತ್ತೆ."

"ಅದನ್ನ ಯಾರು ನೋಡ್ತಾರೆ?"

"ಒಳಗಿರೋದನ್ನ ಯಾರು ನೋಡೋಕಾಗುತ್ತೆ? ಹೊರಗೆ ಬಟ್ಟೆ ಹರೀದಿದ್ರೆ ಆಯ್ತು."

ಅಕ್ಕ ತುಂಡನ್ನು ಕೆಳಗಿಡಲಿಲ್ಲ. "ಆರೂ ಒಂದೇ ತಿರುಳಿಗೆ ಆತ್ಕೊಂಡಿದ್ರೆ ಅದು ಆರು ಅಂತ ಹ್ಯಾಗಾಗುತ್ತೆ ರೀ? ತಿರುಳು ಕೊಳೆತ್ರೆ ಆರೂ ಒಟ್ಟಿಗೇ ಹೋಗಲ್ವಾ?"

ಭಾವ ಬಾಯಿಗೆ ತಂದಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಊಟದ ಹೊತ್ತಲ್ಲಿ ತಲೆ ತಿನ್ಬೇಡ ಮಾರಾಯ್ತಿ" ಎಂದರು. ನಗುತ್ತಲೇ ಅಂದರು. ಆದರೆ ಆಮೇಲೆ ಅವರು ಸರಿಯಾಗಿ ಉಣ್ಣಲಿಲ್ಲ.

ಮುಂದಿನ ದಿನಗಳಲ್ಲಿ ಬಟ್ಟೆಯ ಚೂರಿನ ಜೊತೆಗೆ ದಪ್ಪ ಅಳೆಯುವ ಕ್ಯಾಲಿಪರ್ ಕೂಡ ಭಾವನ ಕೈಗೆ ಬಂತು. ರಾಟೆಯ ಹತ್ತಿರ ಹೆಚ್ಚು ಓಡಾಡುವ ಭಾಗದಲ್ಲಿ ಹಗ್ಗ ಬಡವಾಗಿತ್ತು. ಮೇಲೆ ಸವೆದ ಗುರುತಿಲ್ಲ. ಗ್ರೀಸ್ ಹಚ್ಚಿಸಿಕೊಂಡು ಮಿರಿಮಿರಿ ಮಿಂಚುತ್ತಿತ್ತು. ಆದರೂ ಒಳಗೆ ಏನೋ ಕುಸಿದಂತೆ ಸಣ್ಣಗಾಗಿತ್ತು. ವಾರದ ರಜೆಯ ದಿನ ಭಾವ ಹಗ್ಗವನ್ನು ಸಡಿಲಿಸಿ, ಚೂಪು ಸಲಾಕೆಯನ್ನು ಎರಡು ಎಳೆಗಳ ನಡುವೆ ತೂರಿಸಿ ಮೀಟಿದರು.

ಅಲ್ಲಿಂದ ಅವರು ಮನೆಗೆ ಹೋಗಲಿಲ್ಲ. ನನ್ನ ಅಂಗಡಿಗೆ ಬಂದರು. ಅಂಗೈ ತುಂಬ ಇಟ್ಟಿಗೆ ಪುಡಿಯಂಥ ಕೆಂಪು.

"ಕೈ ತೊಳೀಬೇಕಮ್ಮ, ನೀರು ಕೊಡು."

"ಏನು ಭಾವ ಇದು?"

"ತಿರುಳು. ಒಣಗಿ ಹಿಟ್ಟಾಗಿದೆ. ತಂತಿಗಳು ಒಳಗೊಳಗೇ ತುಕ್ಕು ಹಿಡಿದು ತುಂಡಾಗ್ತಾ ಇವೆ." ನೀರು ಹಾಕಿದೆ. ಅವರು ಕೈ ಉಜ್ಜಿದರು, ಮತ್ತೆ ಉಜ್ಜಿದರು. "ಬಟ್ಟೆ ಹರೀಲಿಲ್ಲ ಕಣಮ್ಮ. ಒಂದು ದಿನಾನೂ ಹರೀಲಿಲ್ಲ."

ರೋಪ್‌ವೇಯ ಹೊಣೆ ಹೊತ್ತಿದ್ದ ಇಂಜಿನಿಯರು ಉಡಾಫೆಯ ಮನುಷ್ಯನಲ್ಲ. ಬಂದು ನೋಡಿದರು, ಬಿಳಿಚಿಕೊಂಡರು, ಅವತ್ತೇ ಹೊಸ ಹಗ್ಗಕ್ಕೆ ಹೇಳಿ ಕಳಿಸಿದರು. ಆದರೆ ಅಷ್ಟುದ್ದದ ಹಗ್ಗ ಅಂಗಡಿಯಲ್ಲಿ ಸುತ್ತಿಟ್ಟಿರುವುದಿಲ್ಲ. ಮಾಡಿಸಿ ತರಿಸಬೇಕು, ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ರೋಪ್‌ವೇ ಮುಚ್ಚಿದರೆ ರೋಗಿಗಳು, ಬಸುರಿಯರು ಆಸ್ಪತ್ರೆಗೆ ಹೋಗುವುದು ಹೇಗೆ? ಅವರು ಯೋಚಿಸಿ ಒಂದು ದಾರಿ ಹುಡುಕಿದರು. ತೊಟ್ಟಿಲಿಗೆ ಅರ್ಧ ಜನರನ್ನಷ್ಟೇ ಹತ್ತಿಸುವುದು.

"ಹಗ್ಗದ ಬಲ ಎಂಟರಿಂದ ನಾಲ್ಕಕ್ಕೆ ಇಳಿದಿದೆ ಅಂತಲೇ ಇಟ್ಕೊಳ್ಳಿ ಮೇಸ್ತ್ರಿ. ಭಾರ ಅರ್ಧ ಮಾಡಿದ್ರೆ ಮತ್ತೆ ಎಂಟಕ್ಕೆ ಬಂದ ಹಾಗೆ."

ಭಾವ ತಲೆಯಾಡಿಸಿದರು. ಒಪ್ಪಿದ್ದಕ್ಕೋ, ಒಪ್ಪಬೇಕೆಂಬ ಆಸೆಗೋ ತಿಳಿಯದು.

ಸಾಲು ಉದ್ದವಾಯಿತು. ತೊಟ್ಟಿಲು ಮುಂಜಾನೆಯಿಂದ ಕತ್ತಲಾಗುವವರೆಗೆ ಬಿಡುವಿಲ್ಲದೆ ಓಡಾಡತೊಡಗಿತು. ಅಕ್ಕ ಕೆಲವು ದಿನ ಅದನ್ನೇ ನೋಡಿದಳು. ಆಮೇಲೆ ಒಂದು ಸಂಜೆ ನನ್ನೆದುರೇ ಭಾವನನ್ನು ಹಿಡಿದು ನಿಲ್ಲಿಸಿದಳು.

"ಭಾರ ಅರ್ಧ ಆಯ್ತು, ಸರಿ. ಊರಿನ ಜನ ಅರ್ಧ ಆದ್ರಾ? ಹೋಗಿಬರೋದು ಎರಡರಷ್ಟಾಯ್ತು. ರಾಟೆ ಮೇಲೆ ಹಗ್ಗ ಬಗ್ಗಿ ಏಳೋದೂ ಎರಡರಷ್ಟು. ಮುರೀತಿರೋದು ಭಾರಕ್ಕಾ, ಬಗ್ಗೋದಕ್ಕಾ?"

"ಎರಡಕ್ಕೂ."

"ಗೊತ್ತಿದ್ದೂ ಸುಮ್ನಿದ್ದೀರಾ?"

"ಗೊತ್ತಿರೋದು ನನಗೊಬ್ಬನಿಗೇ ಅಲ್ಲ ಕಣೇ, ಸಾಹೇಬ್ರಿಗೂ ಗೊತ್ತು. ನಿಲ್ಲಿಸಿದ್ರೆ ಇವತ್ತೇ ಯಾರೋ ದಾರೀಲಿ ಸಾಯ್ತಾರೆ. ನಿಲ್ಲಿಸದಿದ್ರೆ ಯಾವತ್ತೋ. ನೀನಾಗಿದ್ರೆ ಏನು ಮಾಡ್ತಿದ್ದೆ?"

ಭಾವನೇ ಮುಂದುವರಿಸಿದರು. "ನಾನು ಸಾಹೇಬ್ರ ಹತ್ರ ಒಂದು ಮಾತು ಒಪ್ಪಿಸ್ಕೊಂಡಿದ್ದೀನಿ. ದಿನಾ ಮೊದಲನೇ ಸಾರಿ ನಾನೊಬ್ಬನೇ ಹೋಗ್ಬರ್ತೀನಿ. ಆಮೇಲೇ ಬೇರೆಯವರು."

"ನೀವು ಹೋಗ್ಬಂದ್ರೆ ಹಗ್ಗಕ್ಕೆ ಬಲ ಬರುತ್ತಾ?" ಎಂದಳು ಅಕ್ಕ. ಭಾವ ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು.

ಅಕ್ಕ ತನ್ನ ಕೈಲಾದದ್ದನ್ನು ಮಾಡಿದಳು. ಈಚೆ ದಡದ ಮಕ್ಕಳನ್ನು ಕಟ್ಟಿಕೊಂಡು ರಸ್ತೆಯಲ್ಲಿ ನಡೆಯತೊಡಗಿದಳು. ಬೆಳಕು ಹರಿಯುವ ಮೊದಲೇ ಹೊರಟರೂ ಶಾಲೆ ಮುಟ್ಟುವಾಗ ಎರಡು ಪಾಠ ಮುಗಿದಿರುತ್ತಿದ್ದವು. "ಇಲ್ಲದ ಭಯ ಹುಟ್ಟಿಸಿ ಊರಿನ ನಿದ್ದೆ ಕೆಡಿಸ್ತಾ ಇದ್ದೀರಿ" ಎಂದು ಹೆಡ್‌ಮಾಸ್ತರು ರೇಗಿದರು. ಅಕ್ಕ ಬೈಸಿಕೊಂಡಳು, ಮರುದಿನ ಮತ್ತೆ ನಡೆದಳು.

ಅದಾದದ್ದು ಮಂಜಿಲ್ಲದ, ಗಾಳಿಯಿಲ್ಲದ ಒಂದು ಬೆಳಿಗ್ಗೆ. ನಾನು ಅಂಗಡಿಯ ಬಾಗಿಲು ಎತ್ತುತ್ತಿದ್ದೆ. ಯಾರೋ ತಗಡಿನ ಹಾಳೆಯನ್ನು ಒಂದೇ ಸಲಕ್ಕೆ ಹರಿದಂಥ ಸದ್ದು ಕೇಳಿಸಿತು. ಹಿಂದೆಯೇ ಇಂಜಿನ್ ಹುಚ್ಚು ಹಿಡಿದಂತೆ ಕಿರುಚಿತು, ನಿಂತಿತು. ಓಡಿ ಹೋಗಿ ನೋಡಿದರೆ, ತುಂಡಾದ ಎಳೆಯುವ ಹಗ್ಗ ಬಡಿದು ಇಂಜಿನ್ ಮನೆಯ ಚಾವಣಿ ಸೀಳಿತ್ತು. ಒಳಗಿದ್ದವರು ನೆಲಕ್ಕೆ ಬಿದ್ದು ಉಳಿದುಕೊಂಡಿದ್ದರು. ಆಚೆ ದಡದ ಸಮೀಪಕ್ಕೆ ಹೋಗಿದ್ದ ತೊಟ್ಟಿಲು ಹಿಮ್ಮುಖವಾಗಿ ಜಾರಿ, ಹೊರುವ ಹಗ್ಗ ಜೋತುಬಿದ್ದ ನಡುಮಧ್ಯಕ್ಕೆ ಬಂದು, ಅತ್ತಿತ್ತ ಉಯ್ಯಾಲೆಯಾಡುತ್ತಿತ್ತು. ಒಳಗೆ ಭಾವ ಒಬ್ಬರೇ.

ಅಕ್ಕ ಆಗ ಮಕ್ಕಳೊಂದಿಗೆ ಸೇತುವೆಯ ಮೇಲಿದ್ದಳು. ಸದ್ದು ಕೇಳಿ ತಲೆ ಎತ್ತಿದಳು. ಮೊದಲನೇ ಸಾರಿ ಯಾರು ಹೋಗುತ್ತಾರೆ ಎಂಬುದು ಮಕ್ಕಳಿಗೂ ಗೊತ್ತಿತ್ತು. "ಮುಂದೆ ನೋಡ್ಕೊಂಡು ನಡೀರಿ" ಎಂದಷ್ಟೇ ಹೇಳಿದಳಂತೆ. ಅವರನ್ನು ಶಾಲೆಯವರೆಗೂ ಕರೆದೊಯ್ದು, ಹೆಡ್‌ಮಾಸ್ತರ ಕೈಗೊಪ್ಪಿಸಿ, ಆಮೇಲೆ ಕಮರಿಯ ಅಂಚಿಗೆ ಬಂದು ಕಂಬಿ ಹಿಡಿದು ನಿಂತಳು. ಅಗ್ನಿಶಾಮಕದವರು ಹೊರುವ ಹಗ್ಗದ ಮೇಲೆ ಗಾಲಿ ಕಟ್ಟಿಕೊಂಡು ತೆವಳುತ್ತ ಹೋಗಿ ಭಾವನನ್ನು ತರುವಾಗ ಮಧ್ಯಾಹ್ನ ಇಳಿದಿತ್ತು. ಅಲ್ಲಿಯವರೆಗೂ ಅವಳು ಕಂಬಿ ಬಿಟ್ಟಿರಲಿಲ್ಲ. ಬಿಡಿಸಲು, ರಸ್ತೆ ಸುತ್ತಿ ಅಲ್ಲಿಗೆ ಬಂದಿದ್ದ ನಾನೇ ಬೆರಳುಗಳನ್ನು ಒಂದೊಂದಾಗಿ ತೆಗೆಯಬೇಕಾಯಿತು.

ಇಂಜಿನಿಯರು ಭಾವನ ಕೈ ಹಿಡಿದುಕೊಂಡು ಏನೋ ಹೇಳಲು ಹೋಗಿ ಅತ್ತುಬಿಟ್ಟರು. ಭಾವ ಬಾಯಿ ಬಿಟ್ಟದ್ದು ಕೆಲವು ದಿನಗಳ ಮೇಲೆ, ಮನೆಯಲ್ಲಿ, ಅಕ್ಕ ಮತ್ತು ನಾನು ಮಾತ್ರ ಎದುರಿಗಿದ್ದಾಗ.

"ಇಂಜಿನ್ ನಿಂತ್ಮೇಲೆ ಎಲ್ಲ ಸದ್ದೂ ನಿಂತೋಯ್ತು. ಇಷ್ಟು ವರ್ಷದಲ್ಲಿ ಅಂಥ ಮೌನ ನಾನು ಅಲ್ಲಿ ಕೇಳಿರ್ಲಿಲ್ಲ. ಆಗ ಟಿಕ್ ಅಂತು. ತುಂಬ ಹೊತ್ತಾದ್ಮೇಲೆ ಇನ್ನೊಂದು."

"ಎಲ್ಲಿಂದ?" ಅಕ್ಕ ಕೇಳಿದಳು.

"ಮೇಲಿಂದ. ಹೊರೋ ಹಗ್ಗದ ಒಳಗಿಂದ."

ಹೊರುವ ಹಗ್ಗದ ತಂತಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಂತೆ ಕೂತಿರುತ್ತವೆ. ಸಲಾಕೆ ತೂರಿಸಿ ಬಿಚ್ಚಿ ನೋಡಲು ಅದರಲ್ಲಿ ಸಂದೇ ಇಲ್ಲ. ಆದರೂ ಇಂಜಿನಿಯರು ಭಾವನ ಮಾತನ್ನು ತಳ್ಳಿಹಾಕಲಿಲ್ಲ. ಪರೀಕ್ಷೆ ಮಾಡುವವರನ್ನು ದೂರದಿಂದ ಕರೆಸಿದರು. ಅವರು ಆ ಹಗ್ಗದುದ್ದಕ್ಕೂ ಒಂದು ಯಂತ್ರವನ್ನು ಓಡಿಸಿ ನೋಡಿ, ಹಗ್ಗ ಚೆನ್ನಾಗಿದೆ ಎಂದರು. "ಅಷ್ಟು ಹೊತ್ತು ಒಬ್ರೇ ನೇತಾಡ್ತಾ ಇದ್ರೆ ಕಿವಿಗೆ ಏನೇನೋ ಕೇಳಿಸುತ್ತೆ ಮೇಸ್ತ್ರಿ" ಎಂದು ಸಮಾಧಾನವನ್ನೂ ಹೇಳಿದರು. ಭಾವ, "ಇರಬಹುದು" ಎಂದರು.

ಎಳೆಯುವ ಹಗ್ಗ ಹೊಸದು ಬಂತು. ರೋಪ್‌ವೇ ಮತ್ತೆ ಶುರುವಾಯಿತು, ಈಗ ಅದನ್ನು ನೋಡಿಕೊಳ್ಳಲು ಬೇರೆ ಮೇಸ್ತ್ರಿ. ಭಾವ ಕಾರ್ಖಾನೆಯ ಉಗ್ರಾಣ ಸೇರಿಕೊಂಡರು. ದಾರಿಯಲ್ಲಿ ಸಿಕ್ಕವರು, "ಏನು ಮೇಸ್ತ್ರಿ, ಈಗ ಗುಣ ಆಯ್ತಾ?" ಎಂದು ಕೇಳುತ್ತಾರೆ. "ಆಗ್ತಾ ಇದೆ" ಎನ್ನುತ್ತಾರೆ. ಮಾತಿನ ನಡುವೆ ಎಷ್ಟೋ ಸಲ ಅವರ ತಲೆ ಒಂದು ಕಡೆ ವಾಲಿ, ಕಿವಿ ಬೇರೆಲ್ಲೋ ಇರುತ್ತದೆ.

ಅಕ್ಕ ಇನ್ನೂ ನಡೆದೇ ಹೋಗುತ್ತಾಳೆ. ಅವಳ ಜೊತೆ ಅರ್ಧ ಮಕ್ಕಳು ಮಾತ್ರ. ಉಳಿದವರ ತಾಯಿತಂದೆಯರು, ಎಳೆ ಮಕ್ಕಳನ್ನು ಎಷ್ಟು ದಿನ ಹತ್ತಿಸಿ ಇಳಿಸೋದು ಎಂದು ತೊಟ್ಟಿಲಿಗೇ ಕಳಿಸುತ್ತಾರೆ. ಅವರದೂ ತಪ್ಪೆನ್ನಲು ಬರುವುದಿಲ್ಲ. ಮೊನ್ನೆ ಆಚೆ ದಡದಲ್ಲಿ ಕೆಲಸವಿದ್ದುದರಿಂದ ನಾನೂ ಅಕ್ಕನ ಜೊತೆ ನಡೆದೆ. ಸೇತುವೆಯ ಮೇಲಿದ್ದಾಗ ತೊಟ್ಟಿಲಿನ ನೆರಳು ನಮ್ಮನ್ನು ಹಾದು ಹೋಯಿತು. ಮೇಲಿನ ಮಕ್ಕಳು ಗಾಜಿಗೆ ಮುಖ ಒತ್ತಿಕೊಂಡು ಕೈ ಬೀಸುತ್ತಿದ್ದರು. ಅಕ್ಕ ಮೇಲಿನ ಹಗ್ಗಕ್ಕೆ ಕಿವಿಗೊಟ್ಟು ನಿಂತಳು, ಮಕ್ಕಳೂ ನಿಂತರು. ತೊಟ್ಟಿಲು ಆಚೆ ದಡ ಮುಟ್ಟುವವರೆಗೆ ಯಾರೂ ಮಾತಾಡಬಾರದು ಎಂದು ಅವಳು ಅವರಿಗೆ ಹೇಳಿಟ್ಟಿದ್ದಾಳೆ. ಅವರು ಅದನ್ನೊಂದು ಆಟ ಎಂದುಕೊಂಡಿದ್ದಾರೆ. ತುಟಿಯ ಮೇಲೆ ಬೆರಳಿಟ್ಟುಕೊಂಡು, ನಗು ತಡೆದುಕೊಂಡು, ಮೇಲೆ ನೋಡುತ್ತ ನಿಲ್ಲುತ್ತಾರೆ.