ತಣ್ಣಗಾದ ತಾಮ್ರ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕುಲುಮೆಯಮ್ಮ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅಲ್ಲಿನ ವಿದ್ಯುತ್ ಕುಲುಮೆ ಅವಳ ಸುಪರ್ದಿಯಲ್ಲಿತ್ತು. ಅವಳನ್ನು ಕೇಳದೆ ಅದರ ಬಾಗಿಲಿಗೆ ಕೈ ಹಾಕಿದವರು ಎರಡನೇ ಸಲ ಆ ಧೈರ್ಯ ಮಾಡುತ್ತಿರಲಿಲ್ಲ. ಇಷ್ಟಾದರೂ ಕೆಲಸ ಕಾಯಂ ಅಲ್ಲ. ವರ್ಷಕ್ಕೊಮ್ಮೆ ಗುತ್ತಿಗೆ ಮುಂದುವರಿಯಬೇಕು.

ಅಲ್ಲಿ ತಯಾರಾಗುತ್ತಿದ್ದದ್ದು ರಕ್ತದಲ್ಲಿನ ಸಕ್ಕರೆ ಅಳೆಯುವ ಅಗ್ಗದ ಪಟ್ಟಿ. ಬೆರಳಗಲದ ತಾಮ್ರದ ತಗಡನ್ನು ತೊಳೆದು, ಒರೆಸಿ, ಕುಲುಮೆಯಲ್ಲಿ ಎರಡು ಗಂಟೆ ಕಾಯಿಸಿದರೆ ಅದರ ಮೇಲೆ ಕಪ್ಪಗೆ ಆಕ್ಸೈಡಿನ ಪದರ ಕೂರುತ್ತದೆ. ಸಕ್ಕರೆಯನ್ನು ಗುರುತಿಸುವುದು ಆ ಪದರವೇ. ಚಿನ್ನ, ಪ್ಲಾಟಿನಮ್ ಯಾವುದೂ ಬೇಕಿಲ್ಲ.

ದೂರದ ಇನ್ನೊಂದು ಪ್ರಯೋಗಾಲಯದವರು ಇಲ್ಲಿಂದ ಪ್ರಕಟವಾಗಿದ್ದ ವಿಧಾನದಲ್ಲೇ ನಲವತ್ತು ಪಟ್ಟಿ ಮಾಡಿ ನೋಡಿದರು. ನಲವತ್ತೂ ಕೈಕೊಟ್ಟವು. ಪದರ ಸಿಪ್ಪೆ ಸುಲಿದಂತೆ ಏಳುತ್ತಿದೆ, ನಿಮ್ಮ ಅಂಕಿಗಳನ್ನು ನಂಬುವುದು ಹೇಗೆ ಎಂದು ಪತ್ರ ಬಂತು. ಇಲ್ಲಿ ಮೂರು ವರ್ಷದಿಂದ ಆ ಸಂಶೋಧನೆಗೆ ಅಂಟಿಕೊಂಡಿದ್ದ ಹುಡುಗಿ ಅಂಕಿಗಳನ್ನು ತಿದ್ದಿರಬೇಕೆಂದು ಗುಸುಗುಸು ಎದ್ದಿತು.

ಕುಲುಮೆಯಮ್ಮನಿಗೆ ಕಾರಣ ತಕ್ಷಣ ಹೊಳೆಯಿತು. ಬರೆದಿಟ್ಟ ವಿಧಾನದಂತೆ, ಸಂಜೆ ಐದೂವರೆಗೆ ಕುಲುಮೆ ಆರಿದೊಡನೆ ಪಟ್ಟಿಗಳನ್ನು ಬಿಸಿಬಿಸಿಯಾಗಿಯೇ ಹೊರತೆಗೆಯಬೇಕು. ಅವಳ ಬಸ್ಸು ಐದೂ ಹತ್ತಕ್ಕೆ. ಕುಲುಮೆ ತಾನಾಗಿ ಆರುತ್ತಿತ್ತು. ಪಟ್ಟಿಗಳು ಒಳಗೇ ನಿಧಾನವಾಗಿ ತಣಿಯುತ್ತಿದ್ದವು. ಮರುದಿನ ಬೆಳಿಗ್ಗೆ ಅವುಗಳನ್ನು ತೆಗೆದು, ದಾಖಲೆ ಪುಸ್ತಕದಲ್ಲಿ ‘ಐದೂವರೆ’ ಎಂದು ಬರೆದು ಸಹಿ ಹಾಕುತ್ತಿದ್ದಳು. ಮೊದಲ ಪಟ್ಟಿಯಿಂದ ಹಿಡಿದು ಹೀಗೆ ಎರಡು ವರ್ಷ. ಗುತ್ತಿಗೆಯ ಕಾಗದ ಬರುವುದು ಅದೇ ತಿಂಗಳಿನಲ್ಲಿ.

ಮನೆಯಲ್ಲಿ ದರ್ಜಿ ಗಂಡನಿಗೆ ವಿಷಯ ಹೇಳಿದಳು. ಅವನು ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಿದ್ದ.

“ನಿನ್ನನ್ನ ಯಾರು ಕೇಳಿದ್ರು? ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತ್ಕೋ. ಬೇಕಾದ್ರೆ ದಾರ ನಾನೇ ಕೊಡ್ತೀನಿ.”

“ಆ ಹುಡುಗೀನ ಕಳ್ಳಿ ಅಂತಿದಾರೆ ಕಣ್ರೀ. ಸುಳ್ಳು ಬರೆದಿದ್ದು ನಾನು.”

ಅವನು ಮತ್ತೆ ಸೂಜಿ ಹಿಡಿದ. ಆ ಕಾಜ ಮಾತ್ರ ಸೊಟ್ಟಗಾಯಿತು.

ಮರುದಿನ ಅವಳು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದಳು. ಮೇಡಂ ಗದರಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಇಪ್ಪತ್ತು ಪಟ್ಟಿ ಕಾಯಿಸಲು ಹೇಳಿ, ಆ ಸಂಜೆ ಐದೂವರೆಯವರೆಗೆ ತಾವೇ ಕುಲುಮೆಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತರು. ಹತ್ತನ್ನು ಇಕ್ಕಳದಿಂದ ಹೊರತೆಗೆದರು, ಹತ್ತನ್ನು ಒಳಗೇ ಬಿಟ್ಟರು. ಬೆಳಿಗ್ಗೆ ನೋಡಿದರೆ, ಬಿಸಿಯಲ್ಲಿ ತೆಗೆದವುಗಳ ಕಪ್ಪು ಉಗುರು ತಾಗಿದೊಡನೆ ಮೇಜಿನ ಮೇಲೆ ಉದುರಿತು. ಒಳಗೆ ತಣಿದವು ಉಗುರಿಗೆ ಜಗ್ಗಲಿಲ್ಲ; ಅಳತೆಯನ್ನೂ ಸರಿಯಾಗಿ ತೋರಿಸಿದವು. ಪಟ್ಟಿಗಳನ್ನು ಕುಲುಮೆಯೊಳಗೇ ತಣಿಯಲು ಬಿಡಿ ಎಂದು ಮೇಡಂ ಅತ್ತಲಿನವರಿಗೆ ಪತ್ರ ಬರೆದರು. ತಮ್ಮ ಪಟ್ಟಿಗಳೂ ಈಗ ಗಟ್ಟಿಯಾಗಿವೆ ಎಂದು ಮೂರು ವಾರದಲ್ಲಿ ಉತ್ತರ ಬಂತು. ಹುಡುಗಿಯನ್ನು ಆಡಿಕೊಳ್ಳುವುದು ನಿಂತಿತು.

ಆಮೇಲೆ ಕುಲುಮೆಯಮ್ಮನಿಗೆ ಕರೆ ಬಂತು. ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ಗುತ್ತಿಗೆ, ವರ್ಷಕ್ಕಲ್ಲ, ಆರು ತಿಂಗಳಿಗೆ. ಇನ್ನೊಂದು ಎಚ್ಚರಿಕೆ ಪತ್ರ. ಅವಳು ಮೊದಲನೆಯದಕ್ಕೆ ಸಹಿ ಹಾಕಿದಳು. ಎರಡನೆಯದನ್ನು ನಿಧಾನವಾಗಿ ಓದಿ, ಒಂದು ಕಡೆ ಬೆರಳಿಟ್ಟಳು.

“ಇಲ್ಲಿ ಅಜಾಗರೂಕತೆಯಿಂದ ಅಂತ ಇದೆ ಮೇಡಂ. ನಾನು ಗೊತ್ತಿದ್ದೇ ಬರೆದಿದ್ದು.”

“ಹಾಗೇ ಇದ್ರೆ ನಿಮಗೇ ಒಳ್ಳೇದು.”

“ಗೊತ್ತು.”

ಮೇಡಂ ಆ ಪದವನ್ನು ಹೊಡೆದುಹಾಕಿ, ಹೊಸದಾಗಿ ಟೈಪ್ ಮಾಡಿಸಲು ಕಾಗದವನ್ನು ಹೊರಗೆ ಕಳಿಸಿದರು. ಅದು ಬರುವವರೆಗೆ ಕುಲುಮೆಯಮ್ಮ ನಿಂತೇ ಇದ್ದಳು.